ಮುಕ್ತ ಸರ್ಕಾರಿ ದತ್ತಾಂಶ

ಸರ್ಕಾರ ತನ್ನ ಕೆಲಸದ ಭಾಗವಾಗಿ ಕಲೆಹಾಕುವ ಲೆಕ್ಕ, ಅಳತೆ, ಪಟ್ಟಿ, ನಕ್ಷೆಗಳನ್ನು ಯಾರು ಬೇಕಾದರೂ ಅರ್ಜಿ ಹಾಕದೆ, ಹಣ ಕಟ್ಟದೆ ಪಡೆದು, ತಮಗೆ ಬೇಕಾದಂತೆ ಬಳಸಿಕೊಳ್ಳಲು ಬಿಡುವುದನ್ನು ಮುಕ್ತ ಸರ್ಕಾರಿ ದತ್ತಾಂಶ ಎನ್ನುತ್ತಾರೆ. ಹೋಬಳಿಯ ಮಳೆ, ಎಪಿಎಂಸಿಯ ಧಾರಣೆ, ಶಾಲೆಯ ದಾಖಲಾತಿ, ಪಂಚಾಯಿತಿ ಕಾಮಗಾರಿಯ ಬಿಲ್ಲು, ವಾರ್ಡಿನ ಗಡಿ, ಗಾಳಿಯ ಗುಣಮಟ್ಟ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ವೆಬ್‌ಸೈಟಿನಲ್ಲಿ ಕಣ್ಣಿಗೆ ಕಾಣುವಂತೆ ಹಾಕಿದ ಮಾತ್ರಕ್ಕೆ ದತ್ತಾಂಶ ಮುಕ್ತವಾಗುವುದಿಲ್ಲ. ಅದು ಕಂಪ್ಯೂಟರ್ ನೇರವಾಗಿ ಓದಿ ಲೆಕ್ಕ ಹಾಕಬಲ್ಲ ರೂಪದಲ್ಲಿರಬೇಕು, ಮರುಬಳಕೆಗೆ ಪರವಾನಗಿಯ ತೊಡಕಿರಬಾರದು, ಹಳತಾಗುವ ಮೊದಲೇ ಹೊರಬರಬೇಕು. ಇಷ್ಟೆಲ್ಲ ಕೂಡಿಬಂದರೂ ಓದಿ ಪ್ರಶ್ನೆ ಕೇಳುವ ಜನ ಮತ್ತು ಉತ್ತರ ಕೊಡಲೇಬೇಕಾದ ಅಧಿಕಾರಿ ಇಲ್ಲದಿದ್ದರೆ ಆಡಳಿತ ಸುಧಾರಿಸುವುದಿಲ್ಲ. ಕರ್ನಾಟಕದ ಎರಡೂವರೆ ದಶಕದ ಅನುಭವ ಇದನ್ನು ಸ್ಪಷ್ಟವಾಗಿ ತೋರಿಸಿದೆ.

ಹಿನ್ನೆಲೆ

ಸರ್ಕಾರಿ ಕಡತ ನೋಡುವ ಹಕ್ಕು ಹಳೆಯದು. ಸ್ವೀಡನ್ 1766ರಲ್ಲೇ ಅದನ್ನು ಕಾನೂನಾಗಿಸಿತು, ಅಮೆರಿಕ 1966ರಲ್ಲಿ. ಕೇಳಿದಾಗ ಕೊಡುವುದನ್ನು ಬಿಟ್ಟು ಕೇಳುವ ಮೊದಲೇ ಕೊಡಬೇಕೆಂಬ ವಿಚಾರ ಗಟ್ಟಿಯಾದದ್ದು ಇಂಟರ್ನೆಟ್ ಬಂದ ಮೇಲೆ. 2007ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸೆಬಾಸ್ಟೊಪೋಲ್‌ನಲ್ಲಿ ಸೇರಿದ ಒಂದು ಸಣ್ಣ ಗುಂಪು ಮುಕ್ತ ದತ್ತಾಂಶಕ್ಕೆ ಎಂಟು ತತ್ತ್ವಗಳನ್ನು ಬರೆಯಿತು. 2009ರಲ್ಲಿ ಅಮೆರಿಕ, 2010ರಲ್ಲಿ ಬ್ರಿಟನ್ ತಮ್ಮ ದತ್ತಾಂಶ ಪೋರ್ಟಲ್‌ಗಳನ್ನು ತೆರೆದವು.

ಭಾರತದಲ್ಲಿ ಈ ಕಥೆ ಶುರುವಾಗುವುದು ಕಂಪ್ಯೂಟರಿನ ಮುಂದಲ್ಲ, ಬಯಲಿನಲ್ಲಿ ಹಾಕಿದ ಶಾಮಿಯಾನದ ಕೆಳಗೆ. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮೊದಲಾದವರು ಕಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಕೋಟ್ ಕಿರಾನಾದಲ್ಲಿ ಮೊದಲ ಜನಸುನ್ವಾಯಿ (ಸಾರ್ವಜನಿಕ ಅಹವಾಲು ಸಭೆ) ನಡೆಸಿತು. ಬರಗಾಲ ಕಾಮಗಾರಿಗಳ ಹಾಜರಿ ಪಟ್ಟಿ, ಸಾಮಗ್ರಿಯ ಬಿಲ್ಲುಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಿದರು. ಕೂಲಿಗೇ ಹೋಗದವರ ಹೆಸರಿಗೆ ಹಣ ಬಟವಾಡೆಯಾದದ್ದು, ಮುಗಿಯದ ಕೆಲಸ ಮುಗಿದಿದೆ ಎಂದು ಬರೆದದ್ದು ಅಲ್ಲೇ ಬಯಲಾಯಿತು. ಆ ಪಟ್ಟಿಯಲ್ಲಿದ್ದುದೂ ದತ್ತಾಂಶವೇ. ಅದನ್ನು ಬಲ್ಲವರ ಎದುರು, ಅವರ ಮಾತಿನಲ್ಲಿ, ಪ್ರಶ್ನೆ ಕೇಳಬಹುದಾದ ಜಾಗದಲ್ಲಿ ತೆರೆದದ್ದರಿಂದ ಅದಕ್ಕೆ ಬಲ ಬಂತು.

ಕರ್ನಾಟಕ 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತು, ಕೇಂದ್ರದ ಕಾಯ್ದೆ ಬಂದದ್ದು 2005ರಲ್ಲಿ. ಜನ ಹೆಚ್ಚಾಗಿ ಬಳಸುವುದು ಆ ಕಾಯ್ದೆಯ ಅರ್ಜಿ ಹಾಕುವ ಭಾಗವನ್ನು. ಮುಕ್ತ ದತ್ತಾಂಶದ ಬೇರು ಇರುವುದು 4ನೇ ಸೆಕ್ಷನ್‌ನಲ್ಲಿ. ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನ್ನ ಬಜೆಟ್, ಫಲಾನುಭವಿಗಳು, ಅಧಿಕಾರಿಗಳ ಹೊಣೆ ಇತ್ಯಾದಿ 17 ಬಗೆಯ ಮಾಹಿತಿಯನ್ನು ತಾನಾಗಿಯೇ ಪ್ರಕಟಿಸಬೇಕು, ಜನ ಅರ್ಜಿ ಹಾಕುವ ಅಗತ್ಯ ಆದಷ್ಟು ಕಡಿಮೆಯಾಗಬೇಕು, ಪ್ರಕಟಿಸುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಎಂದು ಅದು ಹೇಳುತ್ತದೆ. 2012ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ದತ್ತಾಂಶ ಹಂಚಿಕೆ ಮತ್ತು ಲಭ್ಯತಾ ನೀತಿಯನ್ನು ಹೊರಡಿಸಿತು. ಅದರಡಿ ರಾಷ್ಟ್ರೀಯ ಮಾಹಿತಿ ಕೇಂದ್ರ ಮುಕ್ತ ದತ್ತಾಂಶ ಪೋರ್ಟಲ್ ಕಟ್ಟಿತು. 2017ರಲ್ಲಿ ಬಂದ ಪರವಾನಗಿ, ಮೂಲವನ್ನು ಹೆಸರಿಸಿದರೆ ವ್ಯಾಪಾರಕ್ಕೂ ಈ ದತ್ತಾಂಶವನ್ನು ಬಳಸಬಹುದು ಎಂದು ಸ್ಪಷ್ಟಪಡಿಸಿತು.

ಭೂಮಿ ಯೋಜನೆ ಕಲಿಸಿದ್ದು

ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ ಕರ್ನಾಟಕದ ಭೂಮಿ ಯೋಜನೆ ದೇಶದ ಇ-ಆಡಳಿತದಲ್ಲಿ ಹೆಚ್ಚು ಚರ್ಚೆಯಾದ ಯೋಜನೆಗಳಲ್ಲೊಂದು. ಅದಕ್ಕೆ ಮೊದಲು ಪಹಣಿ, ಅಂದರೆ ಜಮೀನಿನ ಹಕ್ಕು ದಾಖಲೆ, ಇರುತ್ತಿದ್ದುದು ಸುಮಾರು 9,000 ಗ್ರಾಮಲೆಕ್ಕಿಗರ ವಶದಲ್ಲಿ, ಕೈಬರಹದ ಪುಸ್ತಕಗಳಲ್ಲಿ. ಸಾಲಕ್ಕೆ ಬ್ಯಾಂಕಿಗೆ ಕೊಡಬೇಕಾದ ಒಂದು ಪ್ರತಿಗೂ ರೈತ ಲೆಕ್ಕಿಗರನ್ನು ಹುಡುಕಿಕೊಂಡು ಅಲೆಯಬೇಕಿತ್ತು, ಕೈ ಬೆಚ್ಚಗೆ ಮಾಡಬೇಕಿತ್ತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, 2000ದ ಆಸುಪಾಸಿನ ವರ್ಷಗಳಲ್ಲಿ, ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಕೂರಿಸಲಾಯಿತು. ಪಹಣಿಯ ಪ್ರತಿ ಪಡೆಯುವಲ್ಲಿ ಲಂಚ ಬಹುಮಟ್ಟಿಗೆ ಇಳಿಯಿತೆಂದು ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಆ ಕಾಲದಲ್ಲೇ ನಡೆಸಿದ ಸಮೀಕ್ಷೆ ಕಂಡುಕೊಂಡಿತು.

ಇನ್ನೊಂದು ಮುಖವೂ ಇತ್ತು. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಲಿನ ಹಳ್ಳಿಗಳನ್ನು ನೋಡಿ 2007ರಲ್ಲಿ ಬರೆದ ಅಧ್ಯಯನ, ಭೂದಾಖಲೆ ಕೇಂದ್ರೀಕೃತವಾದದ್ದರಿಂದ ಭೂ ಮಾರುಕಟ್ಟೆಯ ದೊಡ್ಡ ಕುಳಗಳಿಗೆ ಭಾರಿ ಪ್ರಮಾಣದ ಜಮೀನು ಕೈವಶ ಮಾಡಿಕೊಳ್ಳುವುದು ಸಲೀಸಾಯಿತು ಎಂದು ವಾದಿಸಿತು. ವ್ಯವಹಾರದ ಅವಧಿ, ಲಂಚ ಎರಡೂ ಹೆಚ್ಚಿದವು ಎಂದೂ ಅದು ಹೇಳಿತು. ಯಾವ ಸರ್ವೆ ನಂಬರಿನಲ್ಲಿ ಯಾರ ಹೆಸರಿದೆ, ಎಷ್ಟು ಎಕರೆ ಗುಂಟೆ, ಎಷ್ಟು ಖರಾಬು, ಯಾವ ಬ್ಯಾಂಕಿನ ಭೋಜಾ ಇದೆ ಎಂಬುದು ಒಂದೇ ಕಡೆ ಸಿಕ್ಕಿದರೆ ಅದರಿಂದ ಲಾಭ ಎತ್ತುವವರು ವಕೀಲರನ್ನೂ ಸರ್ವೇಯರ್‌ಗಳನ್ನೂ ಇಟ್ಟುಕೊಂಡವರೇ. ಗೇಣಿಗೆ ಮಾಡುವವರ, ಬಾಯಿಮಾತಿನ ಪಾಲಿನವರ ಹಕ್ಕು ಕಂಪ್ಯೂಟರಿನ ಕಾಲಂಗಳಲ್ಲಿ ಸುಲಭವಾಗಿ ಹಿಡಿಸುವಂಥದ್ದೂ ಅಲ್ಲ. ಕೆನಡಾದ ವಿದ್ವಾಂಸ ಮೈಕೆಲ್ ಗರ್ಸ್ಟೀನ್ 2011ರಲ್ಲಿ ಈ ಅಧ್ಯಯನವನ್ನೇ ಆಧಾರ ಮಾಡಿಕೊಂಡು, ಮುಕ್ತ ದತ್ತಾಂಶ ಬಲವಿದ್ದವರಿಗೇ ಇನ್ನಷ್ಟು ಬಲ ಕೊಡುತ್ತಿದೆಯೇ ಎಂದು ಕೇಳಿದರು. ಹೀಗೆ ಕನ್ನಡ ನಾಡಿನ ಪಹಣಿ ಜಗತ್ತಿನ ಮುಕ್ತ ದತ್ತಾಂಶ ಚರ್ಚೆಯ ನಡುವೆ ಬಂದು ನಿಂತಿತು. ಅಲ್ಲಿಂದ ಹೊರಟ ತೀರ್ಮಾನ ದಾಖಲೆಗಳನ್ನು ಮುಚ್ಚಿಡಬೇಕೆಂಬುದಲ್ಲ. ಸಣ್ಣ ಹಿಡುವಳಿದಾರನಿಗೆ ಓದಿ ಹೇಳುವವರನ್ನು, ತಪ್ಪು ತಿದ್ದಿಸಿಕೊಳ್ಳುವ ದಾರಿಯನ್ನು ದತ್ತಾಂಶದ ಜೊತೆಜೊತೆಗೇ ಕೊಡಬೇಕಾಗುತ್ತದೆ. ಈಗ ಪಹಣಿಯನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು, ಆದರೆ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ತಿದ್ದುಪಡಿಗೆ ತಾಲ್ಲೂಕು ಕಚೇರಿಗೇ ಹೋಗಬೇಕು.

ಪೇಟೆ, ಮಳೆ ಮತ್ತು ಬೆಳವಣಿಗೆ

ಮುಕ್ತ ದತ್ತಾಂಶದಿಂದ ಹಣಕಾಸಿನ ಲಾಭ ಎಷ್ಟೆಂಬುದಕ್ಕೆ ಡೆನ್ಮಾರ್ಕಿನ ವಿಳಾಸ ದತ್ತಾಂಶ ಒಳ್ಳೆಯ ಉದಾಹರಣೆ. ದೇಶದ ಎಲ್ಲ ಮನೆ ವಿಳಾಸಗಳ ಅಧಿಕೃತ ಪಟ್ಟಿಯನ್ನು ಡೆನ್ಮಾರ್ಕ್ 2002ರಲ್ಲಿ ಮುಕ್ತಗೊಳಿಸಿತು. 2005ರಿಂದ 2009ರ ನಡುವೆ ಇದರ ನೇರ ಪ್ರಯೋಜನ ಸುಮಾರು 6.2 ಕೋಟಿ ಯೂರೊ, ವೆಚ್ಚ 20 ಲಕ್ಷ ಯೂರೊ ಆಸುಪಾಸು ಎಂದು ಅಂದಾಜಾಗಿದೆ. ಅಮೆರಿಕ 2008ರಲ್ಲಿ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳನ್ನು ಪುಕ್ಕಟೆ ಮಾಡಿದ ಮೇಲೆ ಅರಣ್ಯ, ಕೆರೆ, ಬೆಳೆಗಳ ಅಧ್ಯಯನ ಹಲವು ದೇಶಗಳಲ್ಲಿ ಬಹಳ ಬೆಳೆಯಿತು.

ನಮ್ಮಲ್ಲಿ ಇದಕ್ಕೆ ಹತ್ತಿರದ ನಿದರ್ಶನ ಕೃಷಿ ಮಾರುಕಟ್ಟೆಯದು. ಕೇಂದ್ರದ ಆಗ್‌ಮಾರ್ಕ್‌ನೆಟ್ 2000ದಿಂದ ಮಾರುಕಟ್ಟೆಗಳ ದೈನಂದಿನ ಆವಕ ಮತ್ತು ಕನಿಷ್ಠ, ಗರಿಷ್ಠ, ಮಾದರಿ ಧಾರಣೆಗಳನ್ನು ಪ್ರಕಟಿಸುತ್ತಿದೆ, ರಾಜ್ಯದಲ್ಲಿ ಕೃಷಿ ಮಾರಾಟ ವಾಹಿನಿ ಎಂಬ ಜಾಲತಾಣವಿದೆ. ಬೆಳೆಗಾರರ ಫೋನಿಗೆ ಬರುವ ಹತ್ತಾರು ಧಾರಣೆ ಆ್ಯಪ್‌ಗಳು ಇಂಥ ಅಂಕಿಗಳ ಮೇಲೇ ನಿಂತಿವೆ. ಇಲ್ಲಿ ವಿವರವೇ ಜೀವಾಳ. ಅಡಿಕೆ ಎಂದು ಒಂದೇ ಸಾಲು ಬರೆದರೆ ಅದು ಯಾರಿಗೂ ಬೇಡ. ಶಿವಮೊಗ್ಗದಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು, ಶಿರಸಿಯಲ್ಲಿ ಚಾಲಿ, ಬಿಳೆಗೋಟು, ಕೆಂಪುಗೋಟು ಎಂದು ಬೇರೆಬೇರೆ ಬರೆದಾಗಷ್ಟೇ ಇವತ್ತು ಮಾರಬೇಕೋ ತಡೆಯಬೇಕೋ ಎಂಬ ತೀರ್ಮಾನಕ್ಕೆ ಅದು ಒದಗುತ್ತದೆ. ಗುಣಮಟ್ಟದ ಹೆಸರು ತಪ್ಪಾಗಿ ನಮೂದಾದ ದಿನ ಸರಾಸರಿಯೇ ಸುಳ್ಳು ಹೇಳುತ್ತದೆ.

ಮಳೆಯ ದತ್ತಾಂಶವೂ ಅಷ್ಟೇ ಹತ್ತಿರದ್ದು. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭವಾದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳ ಜಾಲ ಇಟ್ಟುಕೊಂಡಿದೆ. ಮಲೆನಾಡಿನಲ್ಲಿ ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಸಿಗುವುದು ಈ ಅಂಕಿಗಳನ್ನು ನೋಡಿಯೇ. ಕೊಳೆರೋಗಕ್ಕೆ ಕಾರಣವಾಗುವ ಎಡೆಬಿಡದ ಮಳೆ ಮಾಪಕದಲ್ಲಿ ದಾಖಲಾಗದಿದ್ದರೆ ಕೊಳೆತ ಅಡಿಕೆಗೆ ಪರಿಹಾರವೂ ಇಲ್ಲ. ತನ್ನ ಪಂಚಾಯಿತಿಯ ಮಾಪಕ ಪ್ರತಿದಿನ ಏನು ಬರೆದುಕೊಳ್ಳುತ್ತಿದೆ ಎಂಬುದು ಬೆಳೆಗಾರನ ಕಣ್ಣೆದುರಿದ್ದರೆ, ಅದು ಕೆಟ್ಟ ವಾರವೇ ದೂರು ಕೊಡಬಹುದು. ವಿಮೆಯ ಅವಧಿ ಮುಗಿದ ಮೇಲೆ ಗೊತ್ತಾದರೆ ಹೊಡೆದಾಡಿ ಫಲವಿಲ್ಲ.

ನಾಗರಿಕರ ಪಾಲು

ಬೆಂಗಳೂರಿನಲ್ಲಿ ಸರ್ಕಾರ ದತ್ತಾಂಶ ಕೊಡುವ ಮೊದಲೇ ನಾಗರಿಕರು ಅದನ್ನು ತಾವೇ ಹುಟ್ಟಿಸಿದರು. ಸ್ಯಾಮ್ಯುಯಲ್ ಪಾಲ್ ಅವರ ನೇತೃತ್ವದಲ್ಲಿ 1994ರಲ್ಲಿ ಹೊರಬಂದ ನಾಗರಿಕ ವರದಿ ಕಾರ್ಡು ನೀರು, ವಿದ್ಯುತ್, ಪಾಲಿಕೆ ಸೇವೆಗಳಿಗೆ ಜನರಿಂದಲೇ ಅಂಕ ಹಾಕಿಸಿತು. 1999, 2003ರಲ್ಲಿ ಸಮೀಕ್ಷೆ ಮರುಕಳಿಸಿತು, 2003ರ ಹೊತ್ತಿಗೆ ಜನರ ತೃಪ್ತಿ ಎದ್ದುಕಾಣುವಷ್ಟು ಏರಿತ್ತು. ಒಂದೇ ಪ್ರಶ್ನೆಯನ್ನು ವರ್ಷಗಳ ಅಂತರದಲ್ಲಿ ಮತ್ತೆ ಕೇಳಿದ್ದೇ ಈ ಕೆಲಸದ ಶಕ್ತಿ. 2002ರಲ್ಲಿ ಜನಾಗ್ರಹ ಮತ್ತಿತರ ಸಂಸ್ಥೆಗಳು ಪ್ರೂಫ್ ಎಂಬ ಅಭಿಯಾನದ ಮೂಲಕ ಮಹಾನಗರ ಪಾಲಿಕೆಯ ತ್ರೈಮಾಸಿಕ ಲೆಕ್ಕಪತ್ರವನ್ನು ಸಾರ್ವಜನಿಕ ಸಭೆಗಳಲ್ಲಿ ಚರ್ಚೆಗೆ ತಂದವು.

ಚುನಾವಣಾ ಅಭ್ಯರ್ಥಿಗಳ ಪ್ರಮಾಣಪತ್ರಗಳದ್ದೂ ಇದೇ ಬಗೆಯ ಕಥೆ. 2002ರ ಸುಪ್ರೀಂ ಕೋರ್ಟ್ ತೀರ್ಪಿನ ಫಲವಾಗಿ ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳ ಘೋಷಣೆ ಕಡ್ಡಾಯವಾಯಿತು. ಸ್ಕ್ಯಾನ್ ಮಾಡಿದ ಆ ಹಾಳೆಗಳನ್ನು ಕ್ಷೇತ್ರವಾರು ಪಟ್ಟಿಯಾಗಿ ಮತದಾರನ ಮುಂದಿಟ್ಟದ್ದು ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್) ಸಂಸ್ಥೆ. ಕೋವಿಡ್ ಕಾಲದಲ್ಲೂ ರಾಜ್ಯಗಳ ಪಿಡಿಎಫ್ ಬುಲೆಟಿನ್‌ಗಳಿಂದ ಅಂಕಿ ಹೆಕ್ಕಿ ಕೈಯಾರೆ ಟೈಪು ಮಾಡಿ ದೇಶಕ್ಕೆ ಲೆಕ್ಕ ಒದಗಿಸಿದವರು ಸ್ವಯಂಸೇವಕರು. 2020ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ರಾಜ್ಯಗಳ ಕೋವಿಡ್ ವರದಿಗಾರಿಕೆಯನ್ನು ಅಳೆದಾಗ ಕರ್ನಾಟಕಕ್ಕೆ ಮೊದಲ ಸ್ಥಾನ ಬಂತು. ಆ ಮೊದಲ ಸ್ಥಾನಕ್ಕೆ ಸಿಕ್ಕಿದ ಅಂಕ ಒಂದಕ್ಕೆ 0.61 ಮಾತ್ರ ಎಂಬುದನ್ನೂ ನೆನಪಿಡಬೇಕು.

ರಾಜಸ್ಥಾನ 2019ರಲ್ಲಿ ಜನ ಸೂಚನಾ ಪೋರ್ಟಲ್ ತೆರೆಯಿತು. ಅದೇ ಹಾದಿಯಲ್ಲಿ ಕರ್ನಾಟಕದಲ್ಲಿ ಮಾಹಿತಿ ಕಣಜ ಬಂತು. ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಆರಿಸಿಕೊಂಡರೆ ಪಿಂಚಣಿದಾರರು, ಪಡಿತರ, ಕಾಮಗಾರಿಗಳ ವಿವರ ಕನ್ನಡದಲ್ಲೇ ತೆರೆದುಕೊಳ್ಳುತ್ತದೆ. 4ನೇ ಸೆಕ್ಷನ್‌ನ ಆಶಯಕ್ಕೆ ಇಷ್ಟು ಹತ್ತಿರ ಬಂದ ವ್ಯವಸ್ಥೆ ರಾಜ್ಯದಲ್ಲಿ ಇನ್ನೊಂದಿಲ್ಲ. ಇದರ ಪಟ್ಟಿಗಳನ್ನು ಮುದ್ರಿಸಿ ಗ್ರಾಮಸಭೆಯಲ್ಲಿ ಓದುವುದನ್ನು ಕಡ್ಡಾಯ ಮಾಡಿದರೆ ಪೋರ್ಟಲ್ ತೆರೆಯಲು ಬಾರದವರಿಗೂ ಅದು ತಲುಪುತ್ತದೆ.

ಕನ್ನಡದ ತೊಡಕು

ಕನ್ನಡದಲ್ಲಿರುವ ಸರ್ಕಾರಿ ದತ್ತಾಂಶವನ್ನು ಬಳಸಹೊರಟವರಿಗೆ ಎದುರಾಗುವ ಮೊದಲ ಅಡ್ಡಿ ಅಕ್ಷರಗಳದ್ದು. ಯೂನಿಕೋಡ್ ರೂಢಿಯಾಗುವ ಮೊದಲು ಕಚೇರಿಗಳು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡುತ್ತಿದ್ದವು. ಅಂಥ ಕಡತದಿಂದ ಒಂದು ಸಾಲು ನಕಲು ಮಾಡಿ ಬೇರೆಡೆ ಅಂಟಿಸಿದರೆ ಕನ್ನಡ ಮಾಯವಾಗಿ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಹುಡುಕಿದರೆ ಏನೂ ಸಿಗದು. ಮುದ್ರಿಸಿ, ಸಹಿ ಮೊಹರು ಹಾಕಿ, ಓರೆಯಾಗಿ ಸ್ಕ್ಯಾನ್ ಮಾಡಿದ ಆದೇಶಗಳಾದರೆ ಬರೀ ಚಿತ್ರ. ಎರಡನೆಯ ಅಡ್ಡಿ ಊರ ಹೆಸರು. ಹೊಸಹಳ್ಳಿಗಳು ರಾಜ್ಯದ ತುಂಬ ಇವೆ. ಅದನ್ನು ರೋಮನ್ ಲಿಪಿಯಲ್ಲಿ ಒಂದು ಇಲಾಖೆ ಒಂದು ರೀತಿ, ಇನ್ನೊಂದು ಇನ್ನೊಂದು ರೀತಿ ಬರೆಯುತ್ತದೆ. ಶಿಕ್ಷಣ ಇಲಾಖೆಯ ಹೊಸಹಳ್ಳಿಯೂ ಆರೋಗ್ಯ ಇಲಾಖೆಯ ಹೊಸಹಳ್ಳಿಯೂ ಒಂದೇ ಎಂದು ಕಂಪ್ಯೂಟರಿಗೆ ತಿಳಿಯುವುದು ಹೇಗೆ? ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಡೈರೆಕ್ಟರಿ ಪ್ರತಿ ಊರಿಗೂ ಒಂದು ಸಂಕೇತ ಸಂಖ್ಯೆ ಕೊಟ್ಟಿದೆ. ಎಲ್ಲ ಇಲಾಖೆಗಳೂ ಆ ಸಂಖ್ಯೆಯನ್ನು ನಮೂದಿಸಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಹೊಸ ಪೋರ್ಟಲ್ ಕಟ್ಟುವುದಕ್ಕಿಂತ ಇದು ಅಗ್ಗದ ಕೆಲಸ, ಫಲ ಹೆಚ್ಚು.

ಖಾಸಗಿತನದ ಗಡಿ

2020ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಬೆಂಗಳೂರಿನಲ್ಲಿ ಹೋಂ ಕ್ವಾರಂಟೈನ್‌ನಲ್ಲಿದ್ದವರ ಮನೆ ವಿಳಾಸಗಳ ಪಟ್ಟಿಯನ್ನು ಪ್ರಕಟಿಸಿತು. ಅಲ್ಲಿ ಗಡಿ ದಾಟಿದ್ದು ಸ್ಪಷ್ಟ. ಮುಕ್ತವಾಗಬೇಕಾದದ್ದು ಆಡಳಿತದ ಲೆಕ್ಕವೇ ಹೊರತು ವ್ಯಕ್ತಿಯ ಬದುಕಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಆದರೆ ಖಾಸಗಿತನದ ಹೆಸರಿನಲ್ಲಿ ಬಾಗಿಲು ಹಾಕುವ ಅಪಾಯವೂ ನಿಜವಾದದ್ದೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಸೆಕ್ಷನ್ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ವಿಧಿಯನ್ನು ತಿದ್ದಿತು. ಮೊದಲು ಅಲ್ಲಿ, ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ಅನಗತ್ಯ ಧಕ್ಕೆ ತರುವ ವೈಯಕ್ತಿಕ ಮಾಹಿತಿಗಷ್ಟೇ ವಿನಾಯಿತಿ ಇತ್ತು, ಸಾರ್ವಜನಿಕ ಹಿತಾಸಕ್ತಿಯ ತಕ್ಕಡಿಯೂ ಅದೇ ವಿಧಿಯಲ್ಲಿತ್ತು. ತಿದ್ದುಪಡಿ ಆ ಷರತ್ತುಗಳನ್ನು ತೆಗೆದುಹಾಕಿ ವೈಯಕ್ತಿಕ ಮಾಹಿತಿಗೆ ಸಾರಾಸಗಟು ವಿನಾಯಿತಿ ಕೊಟ್ಟಿತು. ಹಾಜರಿ ಪಟ್ಟಿಯಲ್ಲಿರುವ ಕೂಲಿಕಾರನ ಹೆಸರೂ ವೈಯಕ್ತಿಕ ಮಾಹಿತಿ ಎಂದಾದರೆ, ಊರವರೇ ಲೆಕ್ಕ ಪರಿಶೀಲಿಸುವ ಸಾಮಾಜಿಕ ಪರಿಶೋಧನೆ ನಡೆಯುವುದೇ ಕಷ್ಟ. ಮಾಹಿತಿ ಹಕ್ಕು ಹೋರಾಟಗಾರರು ಈ ಬದಲಾವಣೆಯನ್ನು ವಿರೋಧಿಸಿದ್ದು ಈ ಕಾರಣಕ್ಕೆ, ಅವರ ವಾದದಲ್ಲಿ ತಿರುಳಿದೆ.

ಜನಗಣತಿಯ ಕೊರತೆ

ಎಲ್ಲ ತಲಾವಾರು ಲೆಕ್ಕಗಳ ಬುಡದಲ್ಲಿರುವುದು ಜನಗಣತಿ. 2021ರಲ್ಲಿ ನಡೆಯಬೇಕಿದ್ದ ಎಣಿಕೆ ಮುಂದಕ್ಕೆ ಹೋಗಿ, 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡು ನಡೆಸುವುದಾಗಿ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿತು. ಈ ನಡುವೆ ಬೆಂಗಳೂರು ನಗರ ಜಿಲ್ಲೆಯ ಅಧಿಕೃತ ಎಣಿಕೆ 2011ರ 96,21,551ರಲ್ಲೇ ನಿಂತಿದೆ. ಆಹಾರ ಭದ್ರತಾ ಕಾಯ್ದೆಯಡಿ ರಾಜ್ಯಕ್ಕೆ ಎಷ್ಟು ಜನರ ಪಡಿತರ ಎಂಬ ಮಿತಿಯೂ 2011ರ ಜನಸಂಖ್ಯೆಯ ಮೇಲೇ ನಿಗದಿಯಾಗಿದೆ. ಆ ಎಣಿಕೆಯ ಬಳಿಕ ಹುಟ್ಟಿದ ಮಕ್ಕಳು, ನಗರಕ್ಕೆ ವಲಸೆ ಬಂದ ಕುಟುಂಬಗಳು ಪೋರ್ಟಲ್‌ನಲ್ಲಿ ಎಷ್ಟು ಹುಡುಕಿದರೂ ಈ ಲೆಕ್ಕದಲ್ಲಿ ಸಿಗುವುದಿಲ್ಲ.