ನಾಡನ್ನಳೆದ ಹಿರಿಯ

ಮೋಜಣಿದಾರ ಊರಿಗೆ ಬಂದನೆಂದರೆ ನಮ್ಮ ರೈತರಿಗೆ ಹಿಂದಿನಿಂದಲೂ ಒಂದು ಅಳುಕು. ಅವನ ಸರಪಣಿಯ ಹಿಂದೆಯೇ ಕಂದಾಯದ ಲೆಕ್ಕ ಬರುತ್ತದೆ. ದಾಯಾದಿಗಳ ನಡುವೆ ಮಲಗಿದ್ದ ವ್ಯಾಜ್ಯ ಏಳುತ್ತದೆ. ಅಂಥ ವೃತ್ತಿಯವನೊಬ್ಬನನ್ನು ಪ್ರೀತಿಯಿಂದ ನೆನೆಯುವುದು ವಿಚಿತ್ರವೆನಿಸಬಹುದು. ಆದರೂ, ಕೇಳುಗರೆ, ಈ ಹೊತ್ತು ನಾನು ನೆನೆಯಹೊರಟಿರುವುದು ಅಳತೆಗಾರನೊಬ್ಬನನ್ನೇ. ಆತನ ಹೆಸರು ವಿಲಿಯಂ ಲ್ಯಾಂಬ್ಟನ್.

ಯಾರ್ಕ್‌ಷೈರಿನ ಸಾಧಾರಣ ಮನೆಯಲ್ಲಿ ಹುಟ್ಟಿದ ಲ್ಯಾಂಬ್ಟನ್ 33ನೆಯ ಪದಾತಿದಳದ ಅಧಿಕಾರಿಯಾಗಿ ಬಹುಕಾಲ ಅಮೆರಿಕ ಖಂಡದಲ್ಲಿದ್ದು, ನಡುವಯಸ್ಸಿನಲ್ಲಿ ಭಾರತಕ್ಕೆ ಬಂದನು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ, ಜನರಲ್ ಬೇರ್ಡನ ತುಕಡಿಯೊಂದು ಇರುಳಿನಲ್ಲಿ ದಿಕ್ಕು ತಪ್ಪಿ ಟಿಪ್ಪುವಿನ ಪಾಳಯದತ್ತಲೇ ನಡೆಯುತ್ತಿದ್ದಾಗ, ನಕ್ಷತ್ರಗಳನ್ನು ನೋಡಿ ಎಚ್ಚರಿಸಿದವನು ಈತನೇ. ಯುದ್ಧ ಮುಗಿದ ಮೇಲೆ ಉಳಿದವರು ಬಿರುದು ಬಾವಲಿಗಳ ಯೋಚನೆಯಲ್ಲಿದ್ದರೆ, ಲ್ಯಾಂಬ್ಟನ್ ಈ ಪರ್ಯಾಯದ್ವೀಪವನ್ನು ಕರಾವಳಿಯಿಂದ ಕರಾವಳಿಗೆ ತ್ರಿಕೋನಗಳಿಂದ ಅಳೆಯುವ ಯೋಜನೆಯೊಂದನ್ನು ಬರೆದನು. ಮದ್ರಾಸಿನ ಸಭೆಯಲ್ಲಿ ಒಬ್ಬ ಸದಸ್ಯ, ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿಯ ಬೋಯಿಗಳಿಗೆ ಹೇಳಿದರೆ ಸಾಕು, ಇದಕ್ಕೆಲ್ಲ ನಕ್ಷೆಯೇಕೆ ಎಂದು ಕೇಳಿದನಂತೆ. ಹಣ ಕೊಡುವವರ ಬುದ್ಧಿ ಎಲ್ಲ ಕಾಲಕ್ಕೂ ಒಂದೇ!

ಕೆಲಸದ ಮರ್ಮ ಸರಳವಾದುದು. ತ್ರಿಕೋನದ ಒಂದು ಭುಜವನ್ನು ಅತಿ ನಿಖರವಾಗಿ ಅಳೆದು, ಕೋನಗಳನ್ನು ದೂರದರ್ಶಕದಿಂದ ಗುರುತಿಸಿದರೆ ಉಳಿದೆರಡು ಭುಜಗಳು ಗಣಿತದಿಂದಲೇ ದೊರೆಯುತ್ತವೆ. ಆ ಭುಜದ ಮೇಲೆ ಮತ್ತೊಂದು ತ್ರಿಕೋನ, ಅದರ ಮೇಲೆ ಇನ್ನೊಂದು. ಆ ಮೊದಲ ಭುಜವನ್ನು, ಅಂದರೆ ಆಧಾರರೇಖೆಯನ್ನು, ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಹತ್ತಿರ ಅಳೆದನು. ಸುಮಾರು ಏಳೂವರೆ ಮೈಲಿ ಉದ್ದದ ಆ ರೇಖೆಯನ್ನು ಅಳೆದದ್ದು ನೂರು ಅಡಿಯ ಉಕ್ಕಿನ ಸರಪಣಿಯಿಂದ. ಚೀನಾದ ಚಕ್ರವರ್ತಿಗೆ ಕಾಣಿಕೆಯೆಂದು ಹೋಗಿ, ಅಲ್ಲಿ ಬೇಡವಾಗಿ, ಭಾರತಕ್ಕೆ ಬಂದ ಸರಪಣಿ ಅದು. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಅದನ್ನು ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು, ಪ್ರತಿ ಹೆಜ್ಜೆಗೂ ಲೆಕ್ಕ ತಿದ್ದಬೇಕಾಗಿತ್ತು. 1802ರ ಏಪ್ರಿಲ್ 10ರಂದು ಮದ್ರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಮತ್ತೊಂದು ಆಧಾರರೇಖೆಯ ಅಳತೆ ಆರಂಭವಾಯಿತು. ಅಲ್ಲಿಂದ ತ್ರಿಕೋನಗಳು ಮಂಗಳೂರನ್ನು ಮುಟ್ಟಿದಾಗ, ಹಳೆಯ ನಕ್ಷೆಗಳು 400 ಮೈಲಿ ಎನ್ನುತ್ತಿದ್ದ ನೆಲದ ಅಗಲ 360 ಮೈಲಿಯೇ ಎಂದು ತಿಳಿಯಿತು.

ಈ ಸಾಧನೆಗಿಂತ ನನ್ನ ಮನಸ್ಸನ್ನು ಸೆಳೆಯುವುದು ಆತನ ಡೇರೆಯ ಸುತ್ತ ಬೆಳೆದ ಜನ. ಬೆಂಗಳೂರಿನಲ್ಲಿ ನೆರವಾದ ಜಾನ್ ವಾರನ್ 1802ರಲ್ಲಿ ಕೋಲಾರದ ಚಿನ್ನದ ಬಗ್ಗೆ ವರದಿ ಬರೆದನು. ಮುಂದೆ ಮದ್ರಾಸಿನ ವೀಕ್ಷಣಾಲಯವನ್ನು ನೋಡಿಕೊಂಡನು. ಇನ್ನೊಬ್ಬ ಸಹಾಯಕ ಹೆನ್ರಿ ಕೇಟರನ ಹೆಸರು ಲೋಲಕದ ಮೂಲಕ ಭೌತವಿಜ್ಞಾನದಲ್ಲಿ ನಿಂತಿದೆ. ಆದರೆ ಕೊನೆಯವರೆಗೂ ಆತನ ಬಲಗೈಯಾದವರು ಮದ್ರಾಸಿನ ಮೋಜಣಿ ಶಾಲೆಯ ಹುಡುಗರು. 1794ರಲ್ಲಿ ತೆರೆದ ಆ ಶಾಲೆಗೆ ಅನಾಥಾಲಯದಿಂದ ಮಕ್ಕಳನ್ನು ಆರಿಸುತ್ತಿದ್ದರು. ಅವರಲ್ಲಿ ಅನೇಕರು ಮಿಶ್ರರಕ್ತದವರು. ಭಾರತೀಯ ತಾಯಿಯ ಮಕ್ಕಳಿಗೆ ಕಂಪನಿಯ ಮೇಲಿನ ಹುದ್ದೆಗಳ ಬಾಗಿಲನ್ನು 1791ರ ಆಜ್ಞೆ ಮುಚ್ಚಿತ್ತು. ಹುದ್ದೆ ಕೊಡಿಸಲಾರದ ಲ್ಯಾಂಬ್ಟನ್ ಅವರಿಗೆ ವಿದ್ಯೆ ಕೊಟ್ಟನು. ಜೋಶುವಾ ಡಿ ಪೆನಿಂಗ್ ಹುಡುಗನಾಗಿದ್ದಾಗಲೇ ಬಂದು ಸೇರಿದನು. ಗುರುವಿನ ಜೊತೆ ಎರಡು ದಶಕಗಳಿಗೂ ಹೆಚ್ಚು ಕಾಲ ಬೆಟ್ಟ ಹತ್ತಿದನು, ಜ್ವರದಲ್ಲಿ ನರಳಿದನು, ಲೆಕ್ಕ ಹಾಕಿದನು.

ಶಿಷ್ಯರು ಆತನಲ್ಲಿ ಕಂಡದ್ದು ಎಂಥ ತಾಳ್ಮೆ ಎಂಬುದಕ್ಕೆ 1808ರ ತಂಜಾವೂರಿನ ಘಟನೆ ಸಾಕ್ಷಿ. ಅರ್ಧ ಟನ್ ತೂಗುತ್ತಿದ್ದ ದೊಡ್ಡ ಥಿಯೊಡೊಲೈಟ್ ಯಂತ್ರವನ್ನು ದೇವಾಲಯದ ಗೋಪುರಕ್ಕೆ ಏರಿಸುತ್ತಿದ್ದಾಗ ಹಗ್ಗ ತುಂಡಾಗಿ, ಯಂತ್ರ ಗೋಡೆಗೆ ಬಡಿದು ಅದರ ಚಕ್ರ ಸೊಟ್ಟಗಾಯಿತು. ಸಮುದ್ರದಲ್ಲಿ ಫ್ರೆಂಚರ ವಶವಾಗಿಯೂ ಅವರ ಸೌಜನ್ಯದಿಂದ ಮರಳಿದ್ದ ಯಂತ್ರ ಅದು. ಲ್ಯಾಂಬ್ಟನ್ ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಡೇರೆಯೊಳಗೆ ವಾರಗಟ್ಟಲೆ ಕುಳಿತು, ಬಾಗಿದ ಲೋಹವನ್ನು ಕೂದಲೆಳೆಯಷ್ಟಷ್ಟೇ ಎಳೆದು ತಿದ್ದಿ, ಮತ್ತೆ ಕೆಲಸಕ್ಕೆ ನಿಲ್ಲಿಸಿದನು.

ಆತನಿಗೂ ಮನೆಯಿತ್ತು, ಆದರೆ ಚರ್ಚಿನ ಮುದ್ರೆಯಿರಲಿಲ್ಲ. ಈ ನೆಲದ ರಕ್ತವಿದ್ದ ಸಂಗಾತಿಯರಿಂದ ಆತನಿಗೆ ಮಕ್ಕಳಾದರು. ಮುಪ್ಪು ಹತ್ತಿರವಾದಾಗ ಸಂಸಾರಿಯಾದನು. ಅನಾಥ ಹುಡುಗರಿಗೆ ಮುಚ್ಚಿದ್ದ ಬಾಗಿಲು ತನ್ನ ಮಕ್ಕಳಿಗೂ ಮುಚ್ಚಿದ್ದೇ ಎಂಬುದು ಆ ತಂದೆಗೆ ತಿಳಿಯದೆ ಇರುವುದುಂಟೆ? ಸಾಮ್ರಾಜ್ಯಕ್ಕೆ ನಕ್ಷೆ ಬರೆದುಕೊಟ್ಟವನ ಮಕ್ಕಳಿಗೆ ಆ ಸಾಮ್ರಾಜ್ಯದಲ್ಲಿ ಗೌರವದ ಜಾಗವಿರಲಿಲ್ಲ.

ಕನ್ಯಾಕುಮಾರಿಯ ಕಡೆಯಿಂದ ಬೀದರಿನ ಆಚೀಚಿನವರೆಗೆ, 1,65,000 ಚದರ ಮೈಲಿಗೂ ಹೆಚ್ಚು ನೆಲ ತ್ರಿಕೋನಗಳೊಳಗೆ ಬಂದಿತ್ತು. ಎಪ್ಪತ್ತರ ಆಸುಪಾಸಿನಲ್ಲಿದ್ದ ಲ್ಯಾಂಬ್ಟನ್ ಹೈದರಾಬಾದಿನಿಂದ ನಾಗಪುರದತ್ತ ಸಾಗುತ್ತಿದ್ದಾಗ, 1823ರ ಜನವರಿ 20ರಂದು, ಹಿಂಗನಘಾಟಿನಲ್ಲಿ ತೀರಿಕೊಂಡನು. ಪಟ್ಟ 1818ರಲ್ಲಿ ಸಹಾಯಕನಾಗಿ ನೇಮಕಗೊಂಡಿದ್ದ ಜಾರ್ಜ್ ಎವರೆಸ್ಟನಿಗೆ ಬಂದಿತು. ಎವರೆಸ್ಟ್ ಉಗ್ರ ಸ್ವಭಾವದವನು. ಡಿ ಪೆನಿಂಗ್ ಕೆಲಸ ಬಿಟ್ಟು ಹೋದನು; ಆದರೂ ಮುಂದೆ ಕಲ್ಕತ್ತೆಯ ಗಣನ ಕಚೇರಿಗೆ ಮುಖ್ಯಸ್ಥ ಬೇಕಾದಾಗ ಕರೆ ಹೋದದ್ದು ಅವನಿಗೇ. 1865ರಲ್ಲಿ ಜಗತ್ತಿನ ಅತ್ಯುನ್ನತ ಶಿಖರಕ್ಕೆ ಎವರೆಸ್ಟನ ಹೆಸರಾಯಿತು. ಲ್ಯಾಂಬ್ಟನ್ನನ ಹೆಸರನ್ನು ಓದಿದವರೂ ಮರೆತರು.

ಈ ಅಳತೆ ಕಂಪನಿಯ ಆಳ್ವಿಕೆಯನ್ನು ಬಿಗಿಮಾಡಿತೆಂಬುದನ್ನು ಮರೆಮಾಚುವಂತಿಲ್ಲ. ನೆಲವನ್ನು ಅರಿತವನಿಗೆ ಅದನ್ನು ಆಳುವುದು ಸುಲಭ. ಆದರೆ ಆ ಬಿಗಿಹಿಡಿತದ ಕಾಲದಲ್ಲೇ ಒಬ್ಬ ಮುದುಕ, ಯಾರಿಗೂ ಬೇಡವಾದ ಹುಡುಗರನ್ನು ಕೂರಿಸಿಕೊಂಡು, ನಕ್ಷತ್ರ ನೋಡುವುದನ್ನೂ ಕೋನ ಗುರುತಿಸುವುದನ್ನೂ ಕಲಿಸಿದನು. ತನಗೆ ತಿಳಿದುದರಲ್ಲಿ ಏನನ್ನೂ ಬಚ್ಚಿಡಲಿಲ್ಲ. ಇದನ್ನು ಮಾತ್ರ ಕಂಪನಿಯ ಲೆಕ್ಕಕ್ಕೆ ಬರೆಯಲಾಗದು. ಬೆಂಗಳೂರಿನಲ್ಲಿ ಆತ ಸರಪಣಿ ಹಾಸಿದ ಬಯಲು ಈಗ ಬೀದಿಗಳಾಗಿ, ಮನೆಗಳಾಗಿ ತುಂಬಿದೆ. ಅಲ್ಲಿ ನಿವೇಶನದ ಮೂಲೆಗೆ ಕಲ್ಲು ನೆಡುವವರು ಆತನನ್ನು ಒಮ್ಮೆ ನೆನೆದರೆ ತಪ್ಪಾಗದು.