ಹಳಕಟ್ಟಿಯವರ ಅಚ್ಚುಮೊಳೆ ಮತ್ತು ನನ್ನ ಸಿಡಿ

ಕಳೆದ ದೀಪಾವಳಿಗೆ ಕಪಾಟು ಸ್ವಚ್ಛಗೊಳಿಸುತ್ತಿದ್ದಾಗ ಒಂದು ಸಿಡಿ ಕೈಗೆ ಬಂದಿತು. ಮೇಲೆ ನನ್ನದೇ ಅಕ್ಷರದಲ್ಲಿ ‘ಭಜನಿ ಪದಗಳು, ತಿಕೋಟಾ, 2005’ ಎಂದಿತ್ತು. ತಿಕೋಟಾದಲ್ಲಿ ನನ್ನ ಬಳಿ ಕಲಿತವರಿಗೆ ಆ ಬೇಸಿಗೆ ನೆನಪಿರಬಹುದು. ಭಜನಾಮೇಳದ ಹಿರಿಯರೊಬ್ಬರ ಮನೆಯಲ್ಲಿದ್ದ ತತ್ತ್ವಪದಗಳ ಕೈಬರಹದ ವಹಿಯನ್ನು ತಂದು, ಇಬ್ಬರು ವಿದ್ಯಾರ್ಥಿಗಳೊಡನೆ ಕುಳಿತು ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿದ್ದೆ. ವಹಿಯನ್ನು ಹಿಂದಿರುಗಿಸಿದಾಗ ಆ ಹಿರಿಯರು, “ಇನ್ನ ಇವು ಉಳದಂಗ ಆತಲ್ರಿ ಮಾಸ್ತರ?” ಎಂದು ಕೇಳಿದರು. “ಉಳದಂಗ ಆತ್ರಿ ಯಜಮಾನ್ರ” ಎಂದೆ. ಅಷ್ಟು ಧೈರ್ಯದಿಂದ ಆಡಬಾರದಿದ್ದ ಮಾತು ಅದು.

ಇದೇ ಕೆಲಸವನ್ನು ನೂರು ವರ್ಷಗಳ ಹಿಂದೆ ನಮ್ಮ ವಿಜಯಪುರದಲ್ಲಿ ಕುಳಿತು ಮಾಡಿದವರು ಡಾ. ಫ. ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಜನಿಸಿ, 1904ರಲ್ಲಿ ವಕೀಲಿ ವೃತ್ತಿಗಾಗಿ ಅಂದಿನ ಬಿಜಾಪುರಕ್ಕೆ ಬಂದವರು ಇಲ್ಲಿಯೇ ನೆಲೆಸಿದರು. ಆಗ ವಚನಗಳಿದ್ದದ್ದು ಮಠಗಳ ಗಂಟುಗಳಲ್ಲಿ, ಮನೆಗಳ ಜಗುಲಿಗಳ ಮೇಲೆ. ತಾಳೆಗರಿಯ ಕಟ್ಟುಗಳಿಗೆ ವಿಭೂತಿ ಹಚ್ಚಿ ಪೂಜೆ ಸಲ್ಲುತ್ತಿತ್ತು. ಓದುವವರು ಮಾತ್ರ ವಿರಳ. ಪೂಜೆಯಿಂದ ಗರಿಗೆ ಗೆದ್ದಲು ಹಿಡಿಯುವುದು ತಪ್ಪುವುದಿಲ್ಲ. ಹಳಕಟ್ಟಿಯವರು ಊರೂರು ತಿರುಗಿ, ಬೇಡಿ ತಂದು, ಕೈಯಾರೆ ಪ್ರತಿ ಮಾಡಿ, ಪ್ರತಿಗೆ ಪ್ರತಿಯನ್ನು ಹೋಲಿಸಿದರು. 1923ರಲ್ಲಿ ‘ವಚನ ಶಾಸ್ತ್ರಸಾರ’ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. ಪರರ ಮುದ್ರಣಾಲಯವನ್ನು ನಂಬಿದರೆ ಕೆಲಸ ಮುಂದೆ ಸಾಗದೆಂದು ಇದ್ದ ಮನೆಯನ್ನೇ ಮಾರಿ, 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಟಿತು. ಬಿ.ಎಲ್.ಡಿ.ಇ. ಸಂಸ್ಥೆಯನ್ನು 1910ರಲ್ಲಿ ಕಟ್ಟಿದ ಈ ಮಹನೀಯರು ಕಡೆಗಾಲದವರೆಗೂ ಬಡತನದಲ್ಲಿಯೇ ಬಾಳಿ, 1964ರಲ್ಲಿ ತೀರಿಕೊಂಡರು. ಮನೆ ಮಾರುವಾಗ ಮನೆಯವರು ಏನೆಂದಿದ್ದಾರು ಎಂಬ ಯೋಚನೆ ನನಗೆ ಆಗಾಗ ಬರುತ್ತದೆ.

ಆ ಅಚ್ಚಿನ ಮುಂದಿನ ಕಥೆ ನಿಮಗೆ ಗೊತ್ತು. ನಮ್ಮ ಜಿಲ್ಲೆಯವರೇ ಆದ ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರಕಾರ 1993ರಲ್ಲಿ ಸಮಗ್ರ ವಚನ ಸಂಪುಟಗಳನ್ನು, ಒಟ್ಟು 15, ಪ್ರಕಟಿಸಿತು. ಅನಂತರ ಓ. ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ ಮತ್ತು ತಂತ್ರಜ್ಞ ಮಿತ್ರರು ‘ವಚನ ಸಂಚಯ’ವನ್ನು ಅಂತರಜಾಲಕ್ಕೆ ತಂದರು. 20 ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಒಂದು ಪದವನ್ನು ಹುಡುಕಿದರೆ, ಅದನ್ನು ಯಾವ ಯಾವ ಶರಣರು ಬಳಸಿದ್ದಾರೆಂಬುದು ಕ್ಷಣದಲ್ಲಿ ತೆರೆಯ ಮೇಲೆ ಮೂಡುತ್ತದೆ. ಹಳಕಟ್ಟಿಯವರು ತಿಂಗಳುಗಟ್ಟಲೆ ಗರಿ ತಿರುವಿ ಮಾಡುತ್ತಿದ್ದ ಕೆಲಸವದು. ಮೊದಲ ಸಲ ನಾನು ‘ಕಾಯಕ’ ಎಂಬ ಪದವನ್ನು ಹುಡುಕಿ, ಆ ರಾತ್ರಿ ಬಹಳ ಹೊತ್ತು ಮಲಗಲಿಲ್ಲ.

ಇನ್ನು ನನ್ನ ಸಿಡಿಯ ವಿಷಯ. ಮನೆಯ ಯಾವ ಯಂತ್ರದಲ್ಲಿಯೂ ಅದನ್ನು ಹಾಕುವ ಜಾಗವೇ ಇಲ್ಲ. ಬೆಂಗಳೂರಿನಲ್ಲಿರುವ ಶಿಷ್ಯನೊಬ್ಬ ಹೇಗೋ ಓದಿಸಿದ. ಕಡತ ತೆರೆದರೆ ಕನ್ನಡವಿಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ! ನಾವು ಬಳಸಿದ ಹಳೆಯ ಫಾಂಟು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂಡಿಸಿತ್ತು. ಆ ಫಾಂಟು ಇಲ್ಲದೆಡೆ ಕನ್ನಡವೂ ಇಲ್ಲ. ಯೂನಿಕೋಡ್ 1991ರಲ್ಲಿಯೇ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆ ಕೊಟ್ಟಿದ್ದರೂ 2005ರಲ್ಲಿ ನಾನು ಅದರ ಹೆಸರನ್ನೂ ಕೇಳಿರಲಿಲ್ಲ. 1923ರ ಪುಸ್ತಕವನ್ನು ಇಂದಿಗೂ ಕನ್ನಡಕ ಹಾಕಿಕೊಂಡರೆ ಓದಬಹುದು!

ಶಿಷ್ಯನು ಪರಿವರ್ತಕದಿಂದ ಬಹುಪಾಲು ಪದಗಳನ್ನು ಮರಳಿ ಪಡೆದಿದ್ದಾನೆ. ಅಲ್ಲಲ್ಲಿ ಅರ್ಕಾವತ್ತು ಬಿದ್ದುಹೋಗಿ ‘ಧರ್ಮ’ವು ‘ಧಮ’ವಾಗಿದೆ. ಮೂರು ಕಡತಗಳು ತೆರೆಯಲೇ ಇಲ್ಲ. ಮೂಲವನ್ನು ನೋಡಿ ತಿದ್ದೋಣವೆಂದು ತಿಕೋಟಾಕ್ಕೆ ಹೋದೆ. ಆ ಹಿರಿಯರು ಈಗಿಲ್ಲ. ಮಾಳಿಗೆ ಸೋರಿದ ಒಂದು ಮಳೆಗಾಲದಲ್ಲಿ ವಹಿ ತೊಯ್ದು ಹಾಳಾಯಿತಂತೆ. ಸೊಸೆ ಸಂಕೋಚದಿಂದಲೇ ಹೇಳಿದಳು: “ಕಂಪ್ಯೂಟರ್‌ದಾಗ ಐತಿ ಅಂತ ಮಾವನೋರು ಹೇಳತಿದ್ರರಿ ಸರ್. ಅದಕ್ಕ ನಾವೂ ಅಷ್ಟ ಜ್ವಾಕಿ ಮಾಡಲಿಲ್ರಿ.” ನಾನು ತಲೆತಗ್ಗಿಸಿ ಚಹಾ ಕುಡಿದೆ.

ಬಬಲೇಶ್ವರದ ಮೇಳದವರಿಗೆ ಇವುಗಳಲ್ಲಿ ಕೆಲವು ಪದಗಳು ಬಾಯಿಪಾಠ ಇವೆಯೆಂದು ತಿಳಿದು, ಮುಂದಿನ ಸೋಮವಾರ ಅಲ್ಲಿಗೆ ಹೊರಟಿದ್ದೇನೆ. ಈ ಸಲ ಮುದ್ರಿತ ಪ್ರತಿ, ಧ್ವನಿಮುದ್ರಣ, ಯೂನಿಕೋಡ್ ಕಡತ ಮೂರನ್ನೂ ಮಾಡಿ, ಬೇರೆ ಬೇರೆ ಮನೆಗಳಲ್ಲಿ ಇಡುವ ವಿಚಾರವಿದೆ. 2005ರಲ್ಲಿ ನನ್ನೊಡನೆ ಕುಳಿತಿದ್ದ ನೀವಿಬ್ಬರೂ ಇದನ್ನು ಓದುತ್ತಿದ್ದರೆ, ನಿಮ್ಮ ಹಳೆಯ ಪೆಟ್ಟಿಗೆಗಳನ್ನೊಮ್ಮೆ ತೆಗೆದು ನೋಡಿರಿ. ಆಗ ಅಚ್ಚು ತೆಗೆದು ಕೊಟ್ಟ ಹಾಳೆಗಳು ಉಳಿದಿರಬಹುದು.