ಹರಟೆಯ ಜಗಲಿಯಲ್ಲಿ ಅಂಗಡಿ ತೆರೆದ ಕಥೆ

ಹಳೆಯ ಬೆಂಗಳೂರಿನ ಬೀದಿಗಳಲ್ಲಿ ನೀವು ಓಡಾಡಿದ್ದರೆ ಈ ನೋಟ ಪರಿಚಿತವಾಗಿರುತ್ತದೆ. ಮನೆಯ ಮುಂದೆ ಒಂದು ಜಗಲಿ. ಸಂಜೆ ನಾಲ್ಕು ಜನ ಕೂತು ಮಾತಾಡುವ ಜಾಗ ಅದು. ಕ್ರಮೇಣ ಅದರ ಒಂದು ಮೂಲೆಗೆ ಬೀಡಾ ಅಂಗಡಿ ಬರುತ್ತದೆ, ಇನ್ನೊಂದು ಮೂಲೆಗೆ ದರ್ಜಿಯ ಹೊಲಿಗೆ ಯಂತ್ರ. ಮಾತಿಗೆ ಬಂದವರೇ ಗಿರಾಕಿಗಳಾಗುತ್ತಾರೆ. ಅಂಗಡಿ ಬಾಡಿಗೆದಾರನದು, ಜಗಲಿ ಮನೆಯ ಯಜಮಾನನದು. ಎಲ್ಲವೂ ಸರಿಯಾಗಿರುವ ತನಕ ಈ ವ್ಯತ್ಯಾಸ ಯಾರಿಗೂ ನೆನಪಾಗುವುದಿಲ್ಲ.

ಇಂದು ನಿಮ್ಮ ಕೈಯಲ್ಲಿರುವ ಮೊಬೈಲಿನಲ್ಲೂ ಅಂಥದೇ ಒಂದು ಜಗಲಿಯಿದೆ. ಸಂದೇಶ ಕಳಿಸಲೆಂದು ಹಾಕಿಕೊಂಡ ಆ್ಯಪ್‌ನೊಳಗೇ ಟಿಕೆಟ್ಟು ಕೊಳ್ಳುವುದು, ಊಟ ತರಿಸುವುದು, ಆಟ ಆಡುವುದು ಸಾಧ್ಯವಾಗಿದೆ. ಬೇರೆ ತಂತ್ರಾಂಶ ಇಳಿಸಿಕೊಳ್ಳಬೇಕಿಲ್ಲ. ಇದು ಎಲ್ಲಿಂದ ಬಂತು, ಹೇಗೆ ಕೆಲಸ ಮಾಡುತ್ತದೆ, ಇದರಲ್ಲಿ ನಮ್ಮ ಲಾಭ ಎಷ್ಟು, ಅಪಾಯ ಎಷ್ಟು ಎಂಬುದನ್ನು ಸ್ವಲ್ಪ ನೋಡೋಣ.

ಮೊದಲ ಹೆಜ್ಜೆಗಳನ್ನು ಹುಡುಕುತ್ತ ಹೊರಟರೆ ನಾವು ಫ್ರಾನ್ಸಿಗೆ ಹೋಗಬೇಕಾಗುತ್ತದೆ. ಅಲ್ಲಿ 1982ರಲ್ಲಿ ದೂರವಾಣಿಯ ತಂತಿಗೆ ಜೋಡಿಸಿದ ಪುಟ್ಟ ಪರದೆಯೊಂದು ಮನೆಮನೆಗೆ ಬರತೊಡಗಿತು. ಅದರ ಹೆಸರು ಮಿನಿಟೆಲ್. ದೂರವಾಣಿ ಡೈರೆಕ್ಟರಿಯ ಬದಲಿಗೆಂದು ಕೊಟ್ಟದ್ದು. ರೈಲಿನ ವೇಳೆ, ಬ್ಯಾಂಕಿನ ವ್ಯವಹಾರ ಎಲ್ಲವೂ ಅದರಲ್ಲಿ ಸೇರಿದವು. ಆದರೆ ಜನರನ್ನು ಗಂಟೆಗಟ್ಟಲೆ ಹಿಡಿದು ಕೂರಿಸಿದ್ದು ಅದರೊಳಗಿನ ಹರಟೆ. 2012ರ ಜೂನ್ 30ರಂದು ಆ ಸೇವೆ ನಿಂತಿತು. ಅಂಗಡಿ ಬೀದಿಯಲ್ಲಿ ಹರಟೆ ಹುಟ್ಟಿದ ಕಥೆ ಅದು. ಹರಟೆಯ ಜಾಗದಲ್ಲಿ ಅಂಗಡಿ ಹುಟ್ಟಿದ ಕಥೆ ಚೀನಾದ್ದು.

ಚೀನಾದ ಟೆನ್ಸೆಂಟ್ ಸಂಸ್ಥೆ 2011ರ ಜನವರಿಯಲ್ಲಿ ವೀಚಾಟ್ ಎಂಬ ಸಂದೇಶ ಆ್ಯಪ್ ಹೊರತಂದಿತು. ಅದರ ರೂವಾರಿ ಝಾಂಗ್ ಷಿಯಾವೊಲಾಂಗ್. ಅದಕ್ಕೂ ಮುಂಚೆ ಫಾಕ್ಸ್‌ಮೇಲ್ ಎಂಬ ಅಂಚೆ ತಂತ್ರಾಂಶ ರಚಿಸಿ ಹೆಸರು ಮಾಡಿದ್ದವರು. 2012ರಲ್ಲಿ ಸಂಸ್ಥೆಗಳು, ಪತ್ರಿಕೆಗಳು ವೀಚಾಟ್ ಒಳಗೆ ತಮ್ಮ ಅಧಿಕೃತ ಖಾತೆ ತೆರೆಯಲು ಅವಕಾಶವಾಯಿತು. 2013ರಲ್ಲಿ ಹಣ ಪಾವತಿ ಬಂತು. 2014ರ ಚೀನೀ ಹೊಸ ವರ್ಷದ ಹೊತ್ತಿಗೆ, ಹಬ್ಬದಲ್ಲಿ ಕೆಂಪು ಲಕೋಟೆಯಲ್ಲಿ ಹಣ ಕೊಡುವ ಅವರ ಹಳೆಯ ಸಂಪ್ರದಾಯವನ್ನೇ ಪರದೆಯ ಮೇಲೆ ತಂದರು. ಉಡುಗೊರೆಯ ಹಣ ಪಡೆಯುವ, ಕಳಿಸುವ ನೆಪದಲ್ಲಿ ಅಸಂಖ್ಯ ಜನ ತಮ್ಮ ಬ್ಯಾಂಕ್ ಖಾತೆಯನ್ನು ಅದಕ್ಕೆ ಜೋಡಿಸಿದರು. ಮಾತಿನ ಜಗಲಿಗೆ ಗಲ್ಲಾಪೆಟ್ಟಿಗೆ ಬಂದದ್ದು ಹಾಗೆ.

ಇನ್ನುಳಿದದ್ದು ಅಂಗಡಿಗಳು. ಮೊದಲಿಗೆ ಸಾಮಾನ್ಯ ವೆಬ್ ಪುಟಗಳೇ ವೀಚಾಟ್ ಒಳಗೆ ತೆರೆದುಕೊಳ್ಳುತ್ತಿದ್ದವು. ಅಂಥ ಪುಟಗಳು ಫೋನಿನ ಕ್ಯಾಮೆರಾ, ಪಾವತಿ ಮುಂತಾದ ಸೌಲಭ್ಯ ಬಳಸಲೆಂದು 2015ರಲ್ಲಿ ಒಂದು ಸಲಕರಣೆಯನ್ನೂ ಕೊಟ್ಟರು. ಆದರೂ ಪುಟ ಬರುವ ತನಕ ಬಳಕೆದಾರ ಬಿಳಿ ಪರದೆ ನೋಡುತ್ತ ಕೂರಬೇಕಿತ್ತು. ಇದಕ್ಕೆ ಪರಿಹಾರವಾಗಿ 2017ರ ಜನವರಿ 9ರಂದು ಮಿನಿ ಪ್ರೋಗ್ರಾಂಗಳು ಬಂದವು. ದಿನಾಂಕವನ್ನು ಗಮನಿಸಿ. ಸರಿಯಾಗಿ ಹತ್ತು ವರ್ಷ ಹಿಂದೆ, 2007ರ ಜನವರಿ 9ರಂದು, ಸ್ಟೀವ್ ಜಾಬ್ಸ್ ಐಫೋನನ್ನು ಲೋಕಕ್ಕೆ ತೋರಿಸಿದ್ದರು. ಪ್ರತಿ ಕೆಲಸಕ್ಕೂ ಒಂದು ಆ್ಯಪ್ ಎಂಬ ಪದ್ಧತಿ ಬೆಳೆದದ್ದು ಅದರ ನಂತರವೇ. ಬಳಸಿ, ಮುಗಿಸಿ, ಎದ್ದು ಹೋಗಿ ಎಂಬುದು ಝಾಂಗ್ ಅವರ ಸೂತ್ರವಾಗಿತ್ತು.

ಇದು ಕೆಲಸ ಮಾಡುವ ಬಗೆ ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ತುಂಬ ಹಿಡಿಸಿತು. ಸಾಮಾನ್ಯ ವೆಬ್ ಪುಟದಲ್ಲಿ ಪುಟವನ್ನು ಬಿಡಿಸುವ ಕೆಲಸವೂ ಲೆಕ್ಕಾಚಾರದ ಕೆಲಸವೂ ಒಂದೇ ಸಾಲಿನಲ್ಲಿ ನಡೆಯುತ್ತವೆ. ಒಂದು ತಡವಾದರೆ ಇನ್ನೊಂದು ಕಾಯುತ್ತದೆ. ಮಿನಿ ಪ್ರೋಗ್ರಾಂನಲ್ಲಿ ಇವೆರಡನ್ನೂ ಬೇರ್ಪಡಿಸಿದರು. ಲೆಕ್ಕಾಚಾರದ ಭಾಗಕ್ಕೆ ಪರದೆಯನ್ನು ನೇರವಾಗಿ ಮುಟ್ಟುವ ಅಧಿಕಾರವಿಲ್ಲ. ನಮ್ಮ ಸ್ಟುಡಿಯೋದ ಉದಾಹರಣೆ ಕೊಡುವುದಾದರೆ, ನಿರ್ಮಾಪಕ ಕುಳಿತಿರುವುದು ಕಂಟ್ರೋಲ್ ರೂಮಿನಲ್ಲಿ, ಕ್ಯಾಮೆರಾ ಇರುವುದು ಕೆಳಗೆ ಫ್ಲೋರಿನಲ್ಲಿ. ನಡುವೆ ಓಡಾಡುವುದು ಹೆಡ್‌ಫೋನಿನ ಸೂಚನೆ ಮಾತ್ರ. ಇಲ್ಲಿ ಆ ಹೆಡ್‌ಫೋನು ವೀಚಾಟ್. ಎಲ್ಲ ಸೂಚನೆಯೂ ಅದರ ಮೂಲಕವೇ ಹೋಗಬೇಕು. ಇದರಿಂದ ವೇಗ ಬಂತು, ಜೊತೆಗೆ ಹಿಡಿತವೂ ಬಂತು. ಆರಂಭದಲ್ಲಿ ಇಡೀ ಕಾರ್ಯಕ್ರಮ 1 ಮೆಗಾಬೈಟ್ ಮೀರುವಂತಿರಲಿಲ್ಲ. ಮುಂದೆ ಆ ಮಿತಿ ಸಡಿಲಾಯಿತು. ಬರೆದದ್ದನ್ನು ಟೆನ್ಸೆಂಟ್‌ಗೆ ಒಪ್ಪಿಸಿ, ಅವರು ಪರಿಶೀಲಿಸಿ ಒಪ್ಪಿದ ಮೇಲೆಯೇ ಪ್ರಸಾರ.

ಟೆಲಿಗ್ರಾಂ ಬೇರೆ ದಾರಿ ಹಿಡಿಯಿತು. 2015ರಲ್ಲಿ ಅದು ಬಾಟ್‌ಗಳಿಗೆ, ಎಂದರೆ ತಾವಾಗಿಯೇ ಉತ್ತರಿಸುವ ಖಾತೆಗಳಿಗೆ, ಬಾಗಿಲು ತೆರೆಯಿತು. 2022ರ ಏಪ್ರಿಲ್‌ನಲ್ಲಿ ಆ ಬಾಟ್‌ಗಳು ಪೂರ್ಣ ವೆಬ್ ಪುಟವನ್ನೇ ಹರಟೆಯೊಳಗೆ ತೆರೆಯಬಹುದೆಂದಾಯಿತು. ಇಲ್ಲಿ ಪುಟ ಬರೆದವನ ಸರ್ವರಿನಲ್ಲೇ ಇರುತ್ತದೆ. ಬಂದವರು ಯಾರೆಂಬುದನ್ನು ಟೆಲಿಗ್ರಾಂ ಒಂದು ಗೂಢಲಿಪಿಯ ಮುದ್ರೆಯೊಡನೆ ಕಳಿಸುತ್ತದೆ. ಮುದ್ರೆ ಅಸಲಿಯೇ ಎಂದು ಬರೆದವನು ತನ್ನ ಸರ್ವರಿನಲ್ಲಿ ತಾಳೆ ನೋಡಿಕೊಳ್ಳಬೇಕು. ನೋಡದಿದ್ದರೆ ಯಾರು ಬೇಕಾದರೂ ಯಾರದೋ ಹೆಸರಿನಲ್ಲಿ ಒಳಗೆ ಬರಬಹುದು. ಸ್ವಾತಂತ್ರ್ಯ ಹೆಚ್ಚು ಎನ್ನಬಹುದು. ಆದರೆ 2025ರ ಜನವರಿಯಲ್ಲಿ ಟೆಲಿಗ್ರಾಂ ಒಂದು ಷರತ್ತು ಹಾಕಿತು. ಬ್ಲಾಕ್‌ಚೈನ್ ಬಳಸುವ ಇಂಥ ಆ್ಯಪ್‌ಗಳು ಇನ್ನು ಮುಂದೆ ಟಾನ್ ಎಂಬ ಒಂದೇ ಜಾಲವನ್ನು ಬಳಸಬೇಕು ಎಂದಿತು. ಬೇರೆ ಜಾಲ ನಂಬಿ ಕಟ್ಟಿದ್ದವರಿಗೆ ಸಿಕ್ಕ ಗಡುವು ಸುಮಾರು ಒಂದು ತಿಂಗಳು. ಜಗಲಿ ಯಾರದು ಎಂಬುದು ಆಗ ನೆನಪಾಯಿತು.

ಬಾಡಿಗೆದಾರನ ಕಷ್ಟ ನಮಗೇಕೆ ಎಂದು ನೀವು ಕೇಳಬಹುದು. ಇಲ್ಲಿ ಮತ್ತೊಂದು ಘಟನೆಯನ್ನು ಹೇಳಬೇಕು. 2020ರ ಕೊರೋನಾ ಕಾಲದಲ್ಲಿ ಚೀನಾದಲ್ಲಿ ಆರೋಗ್ಯ ಸಂಕೇತ ಬಂತು. ಅಲಿಪೇ, ವೀಚಾಟ್‌ಗಳ ಒಳಗಿನ ಕಿರು ಕಾರ್ಯಕ್ರಮ ತೆರೆದರೆ ಹಸಿರು, ಹಳದಿ, ಇಲ್ಲವೇ ಕೆಂಪು ಬಣ್ಣ. ಹಸಿರಿದ್ದರೆ ರೈಲು, ಮಾರುಕಟ್ಟೆ, ಕಚೇರಿಗೆ ಪ್ರವೇಶ. ಕೆಂಪಾದರೆ ಪ್ರತ್ಯೇಕವಾಸ. ಎಲ್ಲರ ಫೋನಿನಲ್ಲೂ ಜಗಲಿ ಆಗಲೇ ಇದ್ದುದರಿಂದ ಈ ವ್ಯವಸ್ಥೆ ಕೆಲವೇ ವಾರಗಳಲ್ಲಿ ಹಬ್ಬಿತು. 2022ರಲ್ಲಿ ಹೆನಾನ್ ಪ್ರಾಂತ್ಯದ ಕೆಲವು ಗ್ರಾಮೀಣ ಬ್ಯಾಂಕುಗಳಲ್ಲಿ ಠೇವಣಿ ಇಟ್ಟವರಿಗೆ ಹಣ ವಾಪಸು ಸಿಗದಾಯಿತು. ಕೇಳಲು ಝೆಂಗ್‌ಝೌ ನಗರಕ್ಕೆ ಹೊರಟವರ ಸಂಕೇತ ಇದ್ದಕ್ಕಿದ್ದಂತೆ ಕೆಂಪಾಯಿತು. ಅವರಿಗೆ ಕಾಯಿಲೆಯೇನೂ ಇರಲಿಲ್ಲ. ಹೀಗೆ ಕೆಂಪು ಸಂಕೇತ ಪಡೆದವರು 1,317 ಮಂದಿ ಎಂದು ನಗರದ ಶಿಸ್ತು ಆಯೋಗವೇ ಒಪ್ಪಿಕೊಂಡು ಐವರು ಅಧಿಕಾರಿಗಳಿಗೆ ಶಿಕ್ಷೆ ವಿಧಿಸಿತು. ಅನುಕೂಲಕ್ಕೆಂದು ಇಟ್ಟ ಬಾಗಿಲನ್ನು ಹೊರಗಿನಿಂದ ಹಾಕಿಬಿಡಲೂ ಸಾಧ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಇನ್ನು ನಮ್ಮೂರಿಗೆ ಬರೋಣ. ವೀಚಾಟ್ ಸೇರಿದಂತೆ 59 ಚೀನೀ ಆ್ಯಪ್‌ಗಳನ್ನು ಭಾರತ ಸರ್ಕಾರ 2020ರ ಜೂನ್ 29ರಂದು ನಿಷೇಧಿಸಿತು. ಆದರೆ ಆ ಕಲ್ಪನೆ ಬೇರೆ ರೂಪದಲ್ಲಿ ನಮ್ಮಲ್ಲೂ ಬಂದಿದೆ. 2022ರ ನವೆಂಬರ್ 1ರ ರಾಜ್ಯೋತ್ಸವದಂದು ನಮ್ಮ ಮೆಟ್ರೋ ವಾಟ್ಸ್ಆ್ಯಪ್ ಮೂಲಕ ಟಿಕೆಟ್ ಕೊಡಲು ಆರಂಭಿಸಿತು. ಇದು ಮಿನಿ ಪ್ರೋಗ್ರಾಂ ಅಲ್ಲ, ಪ್ರಶ್ನೋತ್ತರದ ಬಾಟ್. ಕನ್ನಡದಲ್ಲೇ ವ್ಯವಹರಿಸಬಹುದು. ಮೊಬೈಲಿನಲ್ಲಿ ಸಂದೇಶ ಕಳಿಸುವುದಷ್ಟೇ ಗೊತ್ತಿದ್ದ ನಮ್ಮ ತಾಯಿಯವರು ಅದರಲ್ಲಿ ತಾವೇ ಟಿಕೆಟ್ ಪಡೆದು ಮೆಜೆಸ್ಟಿಕ್ಕಿನಲ್ಲಿ ಗೇಟು ದಾಟಿದಾಗ ನನಗಾದ ಸಂತೋಷ ಸಣ್ಣದಲ್ಲ. ಹೊಸ ಆ್ಯಪ್ ಇಳಿಸಿಕೊಳ್ಳಿ ಎಂದಿದ್ದರೆ ಅವರು ಆ ತಂಟೆಗೇ ಹೋಗುತ್ತಿರಲಿಲ್ಲ.

ಹಾಗಾಗಿ ಜಗಲಿಯೇ ಬೇಡವೆಂದು ನಾನು ಹೇಳಲಾರೆ. ಹೇಳಬೇಕಾದದ್ದು ಒಂದೇ ಮಾತು. ಸಾರ್ವಜನಿಕ ಸೇವೆ ಯಾವುದೇ ಇರಲಿ, ಜಗಲಿಯ ಬಾಗಿಲಿನ ಜೊತೆಗೆ ಬೀದಿಯ ಬಾಗಿಲೂ ಇರಬೇಕು. ಟಿಕೆಟ್ಟಿನ ಕಿಟಕಿಯ ಹಿಂದೆ ಒಬ್ಬ ಮನುಷ್ಯ ಕುಳಿತಿರಬೇಕು. ಫೋನು ಕಳೆದುಕೊಂಡವರು, ಖಾತೆ ಮುಚ್ಚಿಹೋದವರು, ಫೋನೇ ಇಲ್ಲದವರು ಅಲ್ಲಿಗೆ ಬಂದು ಚಿಲ್ಲರೆ ಕೊಟ್ಟು ಊರಿನೊಳಗೆ ಹೋಗುವಂತಿರಬೇಕು. ಮುಂದಿನ ಬಾರಿ ಯಾವುದಾದರೂ ಕಚೇರಿಯ ಕಿಟಕಿ ಮುಚ್ಚಿ, ಮೊಬೈಲಿನಲ್ಲೇ ಬನ್ನಿ ಎಂಬ ಬೋರ್ಡು ಕಂಡರೆ, ನಿಮ್ಮ ಫೋನಿನಲ್ಲಿ ಆ ಸೌಲಭ್ಯ ಇದ್ದರೂ ಸರಿಯೇ, ಇಲ್ಲದವರು ಏನು ಮಾಡಬೇಕೆಂದು ಒಮ್ಮೆ ಕೇಳಿ ನೋಡಿ.